ಆರದ ಗೋಡೆ

ಡಬ್.

ಅದು ಗೋಡೆಯ ದನಿ. ಬೆರಳ ಗೆಣ್ಣು ಮಡಿಚಿ ಕುಟ್ಟಿದರೆ ಒಣಗಿದ ಗೋಡೆ ಟಕ್ ಎಂದು ಚುರುಕಾಗಿ ಉತ್ತರ ಕೊಡುತ್ತದೆ. ಹಸಿ ಗೋಡೆ ಊಟ ಮಾಡಿ ಮಲಗಿದವನನ್ನು ಎಬ್ಬಿಸಿದ ಹಾಗೆ ಡಬ್ ಎಂದು ಗೊಣಗುತ್ತದೆ. ಪೇಂಟರ್ ಎರಡು ಹೆಜ್ಜೆ ಸರಿದು ಇನ್ನೊಂದು ಕಡೆ ಕುಟ್ಟಿದ. ಡಬ್. ಕೈಯ ಹಿಂಬದಿಯನ್ನು ಗೋಡೆಗೆ ಒತ್ತಿ ಹಿಡಿದ, ಜ್ವರ ಬಂದ ಮಗುವಿನ ಹಣೆ ನೋಡುವವರ ಹಾಗೆ. ಆಮೇಲೆ ಬಕೆಟ್ಟಿನೊಳಗೆ ಬ್ರಷ್ ಹಾಕಿಕೊಂಡು ಹೊರಡಲು ಸಿದ್ಧನಾದ.

"ಏನಂತೆ ಗೋಡೆ?" ಚಪ್ಪಲಿ ಅಂಗಡಿಯವನು ಬಾಗಿಲಿಗೆ ಅಡ್ಡ ನಿಂತು ಕೇಳಿದ. ಅವನ ಹೊಸ ಅಂಗಡಿಯ ಕೆಲಸ ಅದು.

"ನಾಳೆ ಬಾ ಅಂತಿದೆ."

"ಹೋದ ವಾರಾನೂ ಅದನ್ನೇ ಅಂದಿತ್ತು."

"ಗೋಡೆ ಮಾತು ಬದಲಾಯಿಸಲ್ಲ ಸ್ವಾಮಿ. ಅದೇನು ಮನುಷ್ಯನಾ?"

"ಅಲ್ಲಯ್ಯಾ, ನಾನು ಅಂಗಡಿ ತೆಗೀಬೇಕೋ ಬೇಡ್ವೋ?"

"ನೀವು ಅಂಟು ಒಣಗೋಕೆ ಮುಂಚೆ ಚಪ್ಪಲಿ ಮಾರ್ತೀರಾ, ಹೇಳಿ."

"ಮಾರ್ತೀನಪ್ಪಾ. ಇಲ್ಲಾಂದ್ರೆ ಜನ ರಿಪೇರಿಗೆ ಯಾಕೆ ಬರ್ತಾರೆ?"

ಪೇಂಟರಿಗೆ ನಗು ತಡೆಯಲಾಗಲಿಲ್ಲ. ಆದರೂ ಬಣ್ಣದ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ಇದೇ ಕಾರಣಕ್ಕೆ ಊರವರು ಅವನಿಗೆ ನಾಳೆ ಮೇಸ್ತ್ರಿ ಎಂದು ಹೆಸರಿಟ್ಟಿದ್ದರು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಈಗ ಮುಖದೆದುರೇ ಕರೆಯುತ್ತಾರೆ, ಅವನೂ ಓ ಎನ್ನುತ್ತಾನೆ. ಆತುರದವರು ಅವನನ್ನು ಬಿಟ್ಟು ಬೇರೆಯವರನ್ನು ಹುಡುಕಿಕೊಂಡು ಹೋಗುತ್ತಿದ್ದರು. ಹೋದವರಲ್ಲಿ ಅರ್ಧಕ್ಕರ್ಧ ಜನ ಮರುವರ್ಷ ಅವನ ಮನೆ ಬಾಗಿಲಿಗೆ ಬರುತ್ತಿದ್ದರು. ಇನ್ನರ್ಧ ಜನರ ಗೋಡೆಗೆ ಏನೂ ಆಗುತ್ತಿರಲಿಲ್ಲ ಎಂಬುದೂ ನಿಜವೇ. ಅದನ್ನು ಅವನು ಯಾರಿಗೂ ಹೇಳುತ್ತಿರಲಿಲ್ಲ.

ಅವನ ಸ್ವಂತ ಮನೆ ಊರಿನ ಮಿಕ್ಕ ಬಣ್ಣಗಳ ಮನೆ. ಗಿರಾಕಿಗಳ ಡಬ್ಬಿಯಲ್ಲಿ ತಳಕ್ಕೆ ಉಳಿದದ್ದನ್ನು ಅವರನ್ನೇ ಕೇಳಿ ತಂದು, ಸಾಲುವಷ್ಟು ಜಾಗಕ್ಕೆ ಬಳಿದಿದ್ದ. ಮುಂದಿನ ಕೋಣೆಗೆ ಹಲ್ಲಿನ ಡಾಕ್ಟರ ಹಸಿರು. ಅಡುಗೆಮನೆಗೆ ಬೇಕರಿಯ ಹಳದಿ. ನಡುಮನೆಯ ಗೋಡೆ ಕೆಳಗೆ ಬ್ಯಾಂಕಿನ ನೀಲಿ, ಮೇಲೆ ಶಾಲೆಯ ಕೆನೆಬಣ್ಣ. ಮನೆಯವರು ಮಾತಾಡುವುದೂ ಹಾಗೆಯೇ. "ನನ್ನ ಕನ್ನಡಕ ಎಲ್ಲಿಟ್ಟೆ?" ಎಂದು ಅವನು ಕೇಳಿದರೆ ಹೆಂಡತಿ ಒಳಗಿನಿಂದಲೇ, "ಡಾಕ್ಟರ ಗೋಡೆ ಮೊಳೇಲಿ ನೇತಾಡ್ತಿದೆ ನೋಡಿ," ಎನ್ನುತ್ತಿದ್ದಳು.

ಬಣ್ಣವೇ ಕಾಣದ ಕೋಣೆಯೊಂದು ಮನೆಯ ಹಿಂಭಾಗದಲ್ಲಿತ್ತು. ಅಡುಗೆಮನೆಯಿಂದ ಅದಕ್ಕೆ ಬಾಗಿಲು. ಬಾಗಿಲ ಪಕ್ಕದ ಗೋಡೆಯ ಆಚೆ ಬಚ್ಚಲು. ಏಣಿ, ಡಬ್ಬಿ, ಹಳೆಯ ಹಾಸುಬಟ್ಟೆಗಳನ್ನು ತುಂಬಿಟ್ಟಿದ್ದ ಆ ಕೋಣೆಯ ಗಾರೆ ಮುಟ್ಟಿದರೆ ಪುಡಿಯಾಗಿ ಉದುರುತ್ತಿತ್ತು. ದೂರದ ಊರಿನಲ್ಲಿ ಟೀಚರಾಗಿದ್ದ ಮಗಳಿಗೆ ಇದೇ ಊರಿನ ಶಾಲೆಗೆ ವರ್ಗವಾದ ಸುದ್ದಿ ಬಂದ ಸಂಜೆ, ಗಂಡ ಹೆಂಡತಿ ಇಬ್ಬರೂ ಆ ಕೋಣೆಯ ಬಾಗಿಲಲ್ಲಿ ಹೋಗಿ ನಿಂತರು. ಮಗಳು ಚಿಕ್ಕಂದಿನಿಂದ ಹಲ್ಲಿನ ಡಾಕ್ಟರ ಹಸಿರಿನ ಕೆಳಗೆ, ಬಂದುಹೋಗುವವರ ಚಪ್ಪಲಿಗಳ ಪಕ್ಕ ಹಾಸಿಗೆ ಹಾಸಿ ಮಲಗಿದವಳು.

"ನನಗೆ ಮಿಕ್ಕ ಬಣ್ಣ ಬೇಡಪ್ಪಾ," ಎಂದಳು ಫೋನಿನಲ್ಲಿ. "ಇದೊಂದು ಸಲ ಹೊಸ ಡಬ್ಬಿ ತಗೊಂಡು ಬಾ."

"ಯಾವ ಬಣ್ಣ?"

"ಪಾರಿವಾಳದ ಎದೆ ಇರುತ್ತಲ್ಲ, ಆ ಬಣ್ಣ."

"ಪಾರಿವಾಳ ಹಿಡ್ಕೊಂಡು ಅಂಗಡಿಗೆ ಹೋಗ್ಲಾ ನಾನು?"

"ಹೋಗು. ನಾಳೆ ಬಾ ಅಂತ ಹೇಳಿಯಾರು."

ಅವನು ಹೋಗಿ ಹೊಸ ಡಬ್ಬಿಯನ್ನೇ ತಂದ. ತಂದು ಡಾಕ್ಟರ ಗೋಡೆಯ ಬುಡದಲ್ಲಿಟ್ಟ. ಆದರೆ ಬಣ್ಣಕ್ಕೆ ಮುಂಚೆ ಗಾರೆ ಆಗಬೇಕಿತ್ತು. ಗಾರೆ ಎಂದಕೂಡಲೇ ಆ ಮನೆಯಲ್ಲಿ ಒಬ್ಬನ ಮಾತು ಬರುತ್ತಿತ್ತು.

ಹೆಂಡತಿಯ ತಮ್ಮ ಗಾರೆ ಮೇಸ್ತ್ರಿ. ಗಾರೆ ಸವರುವ ಅವನ ಕರಣೆ ಆಡಿದ ಗೋಡೆಯ ಮೇಲೆ ನೀರು ಬಿಟ್ಟರೆ ನೇರ ಗೆರೆ ಎಳೆದಂತೆ ಇಳಿಯುತ್ತದೆ ಎಂದು ಕೆಲಸದವರೇ ಹೇಳುತ್ತಿದ್ದರು. ಒಂದು ಕಾಲದಲ್ಲಿ ಭಾವ ಬಾಮೈದ ಇಬ್ಬರೂ ಒಂದೇ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋದವರು. ಮುಂದೆ ಭಾವ ತುಳಿಯುತ್ತಿದ್ದ, ಹಿಂದೆ ಬಾಮೈದ ಮಟ್ಟಗೋಲು ಹಿಡಿದು ಕೂತಿರುತ್ತಿದ್ದ. ಮಗಳಿಗೆ ಸೈಕಲ್ ಕಲಿಸಿದವನೂ ಅವನೇ. ಆಮೇಲೊಮ್ಮೆ ಹೊಸ ಮನೆಯೊಂದರ ಕೆಲಸ ಇಬ್ಬರಿಗೂ ಒಟ್ಟಿಗೆ ಬಂತು. ಮನೆಯ ಯಜಮಾನ ಬೀಗರು ಬರುವುದರೊಳಗೆ ಮುಗಿಯಬೇಕೆಂದು ಕುದುರೆ ಏರಿ ಕೂತಿದ್ದ. ಬಾಮೈದ ಗಾರೆ ಮುಗಿಸಿ ಕೈ ತೊಳೆಯುವುದರೊಳಗೆ ಭಾವ ಬಣ್ಣ ಕಲೆಸಿಯಾಗಿತ್ತು. ಬೀಗರು ಬಂದರು, ಮೆಚ್ಚಿದರು, ಹೋದರು. ಅವರು ಹೋದ ಮೇಲೆ ಗೋಡೆಯ ತುಂಬ ಸುಟ್ಟ ಚರ್ಮದ ಹಾಗೆ ಗುಳ್ಳೆ ಎದ್ದವು.

ಯಜಮಾನ ಇಬ್ಬರನ್ನೂ ಅಂಗಳಕ್ಕೆ ಕರೆಸಿ ಜನರೆದುರು ಕೂಗಾಡಿದ. "ಗಾರೆ ಒಳಗೇ ನೀರಿದ್ರೆ ನಾನೇನು ಮಾಡ್ಲಿ? ಅವನನ್ನ ಕೇಳಿ," ಎಂದ ಭಾವ. "ಗೋಡೆ ಮುಟ್ಟಿ ನೋಡದೆ ಬಣ್ಣ ಬಳಿಯೋನು ಪೇಂಟರಾ? ಗೋಡೆಗೆ ಸುಣ್ಣ ಬಳಿದ ಹಾಗೆ ಅಕ್ಕನ ಕಣ್ಣಿಗೂ ಬಳಿದಿದಾನೆ," ಎಂದ ಬಾಮೈದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಬಾಮೈದ ಅಕ್ಕನ ಮನೆಯ ಹೊಸ್ತಿಲು ದಾಟಲಿಲ್ಲ. ಅಂದಿನಿಂದ ಭಾವ ಗೋಡೆ ಕುಟ್ಟಿ ನೋಡದೆ ಬ್ರಷ್ ಎತ್ತಲಿಲ್ಲ. ಅಕ್ಕ ತಮ್ಮ ಸಂತೆಯಲ್ಲಿ ತರಕಾರಿ ಆರಿಸುವ ನೆಪದಲ್ಲಿ ಭೇಟಿಯಾಗುತ್ತಿದ್ದರು. ಹಿಂದಿನ ವರ್ಷ ಬಾಮೈದನ ಹೆಂಡತಿ ತೀರಿಕೊಂಡಾಗ ಭಾವ ಹೋಗಿದ್ದ. ಜನರ ಹಿಂದೆ ನಿಂತಿದ್ದು, ಒಂದು ಮಾತೂ ಆಡದೆ ಬಂದಿದ್ದ.

"ಗಾರೆ ನನ್ನ ತಮ್ಮನೇ ಮಾಡ್ಬೇಕು," ಎಂದಳು ಹೆಂಡತಿ. "ಬೇರೆಯವರು ಈ ಮನೆಗೆ ಕರಣೆ ತರೋದು ಬೇಡ."

ಅವಳು ಈ ದನಿಯಲ್ಲಿ ಮಾತಾಡುವುದು ಅಪರೂಪ. ಅವನು, "ಮಾಡ್ಲಿ," ಎಂದ. "ನಾನು ಮನೇಲಿ ಇಲ್ದಿರುವಾಗ ಬಂದು ಮಾಡಿ ಹೋಗ್ಲಿ."

ಹಾಗೆಯೇ ಆಯಿತು. ಬೆಳಿಗ್ಗೆ ಇವನು ಬೀದಿಯ ತಿರುವು ದಾಟಿದ ಮೇಲೆ ಅವನು ಬರುತ್ತಿದ್ದ, ಸಂಜೆ ಇವನು ಬರುವ ಮೊದಲು ಹೋಗುತ್ತಿದ್ದ. ಒಂದೇ ಕೋಣೆಯಲ್ಲಿ ಇಬ್ಬರೂ ಓಡಾಡುತ್ತಿದ್ದರು, ಸೂರ್ಯ ಚಂದ್ರರ ಹಾಗೆ. ಮಾತುಕತೆಯೆಲ್ಲ ನಡುವಿನವಳ ಬಾಯಲ್ಲಿ. "ಮೂಲೆ ಕಡೆ ಸ್ವಲ್ಪ ನೋಡ್ಕೋ ಅಂತ ನಿನ್ನ ತಮ್ಮಂಗೆ ಹೇಳು." ಮರುದಿನ ಉತ್ತರ: "ಮೂಲೆ ನೋಡೋಕೆ ಭಾವನ ಕಣ್ಣು ಬೇಡ, ತೂಕಗುಂಡು ಇದೆ ಅಂದ." ಹೆಂಡತಿ ಇಬ್ಬರ ಮಾತನ್ನೂ ಅರ್ಧ ನುಂಗಿ ಅರ್ಧ ದಾಟಿಸುತ್ತಿದ್ದಳು. ನುಂಗಿದ ಅರ್ಧವೇ ಹೆಚ್ಚು ಖಾರದ್ದು.

ಗಾರೆ ಮುಗಿದ ಸಂಜೆ ಪೇಂಟರ್ ದೀಪವನ್ನು ಗೋಡೆಗೆ ತಾಗುವಂತೆ ಹಿಡಿದು ಉದ್ದಕ್ಕೂ ನೋಡುತ್ತ ಹೋದ. ಉಬ್ಬು ತಗ್ಗು ಇದ್ದರೆ ಹಾಗೆ ಹಿಡಿದಾಗ ನೆರಳು ಬೀಳುತ್ತದೆ. ಎಲ್ಲೂ ಬೀಳಲಿಲ್ಲ. ಬೈಯಲು ಒಂದು ಕುಳಿಯಾದರೂ ಸಿಕ್ಕಿದ್ದರೆ ಅವನಿಗೆ ಆ ಸಂಜೆ ಊಟ ರುಚಿಸುತ್ತಿತ್ತು.

ಹೊಸ ಗಾರೆಗೆ ಮೊದಲ ಹತ್ತು ದಿನ ನೀರುಣಿಸಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತದೆ. ಅದು ಗಾರೆಯವನ ಕೆಲಸ. ಆಮೇಲೆ ಗಾಳಿಗೆ ಬಿಟ್ಟು ಪೂರ್ತಿ ಒಣಗಿಸಬೇಕು, ಇಲ್ಲದಿದ್ದರೆ ಬಣ್ಣ ನಿಲ್ಲುವುದಿಲ್ಲ. ಅದು ಪೇಂಟರನ ಕೆಲಸ. ಬಾಮೈದ ದಿನಾ ಮಧ್ಯಾಹ್ನ ಬಂದು ಮಗ್ಗಿನಿಂದ ನೀರೆರಚಿ ಹೋಗುತ್ತಿದ್ದ. ಹತ್ತು ದಿನ ಕಳೆದ ಮೇಲೆ ಪೇಂಟರ್, "ನೀರು ಸಾಕು ಅಂತ ನಿನ್ನ ತಮ್ಮಂಗೆ ಹೇಳು," ಎಂದ. ಹೆಂಡತಿ, "ಹೇಳ್ತೀನಿ," ಎಂದಳು. ಅವನು ಕಿಟಕಿ ತೆರೆದಿಟ್ಟ. ಫ್ಯಾನ್ ತಂದು ಕೋಣೆಯ ನಡುವೆ ನಿಲ್ಲಿಸಿದ. ಮಗಳು ಬರಲು ಇನ್ನೂ ಬೇಕಾದಷ್ಟು ಸಮಯವಿತ್ತು.

ಮೂರು ಗೋಡೆಗಳು ಹೇಳಿದ ಮಾತು ಕೇಳಿದವು. ಕಡುಬೂದು ಬಣ್ಣ ತಿಳಿಯಾಗುತ್ತ, ಅಂಚಿನಿಂದ ನಡುವಿಗೆ ಬೆಳ್ಳಗಾಗುತ್ತ ಬಂದವು. ಬಾಗಿಲ ಪಕ್ಕದ ಗೋಡೆ ಮಾತ್ರ ಹಟ ಹಿಡಿಯಿತು. ಬೆಳಿಗ್ಗೆ ನೋಡಿದರೆ ಒಣಗುತ್ತಿದೆ ಅನ್ನಿಸುತ್ತಿತ್ತು, ಸಂಜೆ ಬಂದು ಕುಟ್ಟಿದರೆ ಡಬ್. ಅವನು ಕೈ ಇಟ್ಟು ನೋಡಿದ. ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡಿದ, ಒಳಗೆ ಬೆವರಿನ ಹನಿ. ಮೂಸಿಯೂ ನೋಡಿದ.

"ಗೋಡೆ ಮೂಸ್ತೀರಲ್ರೀ," ಎಂದಳು ಹೆಂಡತಿ, ನೆಲ ಒರೆಸುತ್ತ. ಈಚೆಗೆ ಅವಳು ಆ ಕೋಣೆಯ ನೆಲವನ್ನು ದಿನಾ ಒರೆಸುತ್ತಿದ್ದಳು. ಮಗಳ ಕೋಣೆಯೆಂದರೆ ಎಷ್ಟು ಅಕ್ಕರೆ ಎಂದುಕೊಂಡ ಅವನು.

"ನಿನ್ನ ತಮ್ಮ ಮರಳಲ್ಲಿ ಏನು ಬೆರೆಸಿದಾನೋ."

"ಅವನನ್ನೇ ಕೇಳಿ."

ಕೇಳಬೇಕಾದರೆ ಎದುರು ನಿಲ್ಲಬೇಕು. ಅದಕ್ಕಿಂತ ಗೋಡೆ ಮೂಸುವುದೇ ಸುಲಭವಾಗಿತ್ತು.

ಸುದ್ದಿ ಚಪ್ಪಲಿ ಅಂಗಡಿಯವನಿಗೂ ಮುಟ್ಟಿತು. "ಏನಯ್ಯಾ, ನಾಳೆ ಮೇಸ್ತ್ರಿ ಮನೆಗೇ ನಾಳೆ ಬರ್ತಾ ಇಲ್ವಂತೆ," ಎಂದು ನಕ್ಕ. ಫೋನಿನಲ್ಲಿ ಮಗಳು, "ಅಪ್ಪಾ, ಪಾರಿವಾಳ ಕೂತಿತಾ?" ಎಂದು ಕೇಳುತ್ತಿದ್ದಳು. "ಕೂರುತ್ತೆ, ಕೂರುತ್ತೆ," ಎನ್ನುತ್ತಿದ್ದ. ಅವಳು ಹೊರಡುವ ದಿನ ಹತ್ತಿರವಾಗುತ್ತಿತ್ತು. ಹಸಿಯ ಮೇಲೆ ಬಳಿದರೆ ಮಗಳ ತಲೆಯ ಪಕ್ಕದಲ್ಲೇ ಗುಳ್ಳೆ ಏಳುತ್ತದೆ, ಆ ಗುಳ್ಳೆಯೊಳಗೆ ಹಳೆಯ ಅಂಗಳದ ಕೂಗಾಟ ಇರುತ್ತದೆ. ಬಳಿಯದಿದ್ದರೆ ಅವಳು ಮತ್ತೆ ಚಪ್ಪಲಿಗಳ ಪಕ್ಕ ಮಲಗಬೇಕು.

ಒಂದು ಭಾನುವಾರ ಬೆಳಿಗ್ಗೆ ಅವನಿಗೆ ಉತ್ತರ ಹೊಳೆಯಿತು. ಗೋಡೆಯ ಆಚೆ ಬಚ್ಚಲು. ಬಚ್ಚಲ ಗೋಡೆಯೊಳಗೆ ಪೈಪು. ಪೈಪು ಒಳಗೊಳಗೇ ಸೋರುತ್ತಿದೆ! ಸುತ್ತಿಗೆ ಉಳಿ ಹಿಡಿದು ಬಚ್ಚಲಿಗೆ ನುಗ್ಗಿದ.

"ಒಡೀಬೇಡಿ," ಎಂದಳು ಹೆಂಡತಿ. ಅವಳ ಮುಖ ಬಿಳಿಚಿಕೊಂಡಿತ್ತು. "ಪೈಪು ಸೋರ್ತಿಲ್ಲ. ಒಡೀಬೇಡಿ ಅಂದ್ರೆ."

"ನಿನಗೆ ಹೇಗೆ ಗೊತ್ತು?"

ಅವಳು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಜೋರಾಗಿ ಜೋಡಿಸತೊಡಗಿದಳು.

ಅವನು ಒಡೆದ. ಒಂದು ಸಾಲು ಟೈಲ್ಸ್ ಬಿಲ್ಲೆ ಬಿತ್ತು, ಇನ್ನೊಂದು ಸಾಲು ಬಿತ್ತು. ಗಾರೆ ಬಿತ್ತು, ಇಟ್ಟಿಗೆ ಕಾಣಿಸಿತು, ಪೈಪು ಕಾಣಿಸಿತು. ಕೀಲಿನಿಂದ ಕೀಲಿಗೆ ಬೆರಳಾಡಿಸಿದ. ಮೂಳೆಯ ಹಾಗೆ ಒಣಗಿತ್ತು. ಬೆಟ್ಟ ಅಗೆದವನಿಗೆ ಇಲಿಯಾದರೂ ಸಿಗುತ್ತದೆ, ಅವನಿಗೆ ಅದೂ ಸಿಗಲಿಲ್ಲ. ಮೈಯೆಲ್ಲ ಗಾರೆಪುಡಿ ಮೆತ್ತಿಕೊಂಡು ಹೊರಬಂದಾಗ ಹೆಂಡತಿ ಅವನನ್ನು ಬಯ್ಯಲೂ ಇಲ್ಲ, ನಗಲೂ ಇಲ್ಲ. ತಲೆಗೆ ನೀರು ಹಾಕಿಕೊಳ್ಳಲು ಬಕೆಟ್ ತುಂಬಿಸಿಟ್ಟಳು, ಅಷ್ಟೆ.

ಆ ವಾರದ ನಡುವೆ ಒಂದು ದಿನ ಚಪ್ಪಲಿ ಅಂಗಡಿಯವನು ಬೀಗದ ಕೈ ಕೊಡದೆ ಎಲ್ಲಿಗೋ ಹೋಗಿಬಿಟ್ಟಿದ್ದ. ಪೇಂಟರ್ ಸ್ವಲ್ಪ ಹೊತ್ತು ಕಾದು ನೋಡಿ, ಊಟಕ್ಕೆ ಮನೆ ಕಡೆ ಹೊರಟ. ಹಾಗೆ ಮಧ್ಯಾಹ್ನ ಅವನು ಎಂದೂ ಮನೆಗೆ ಬಂದವನೇ ಅಲ್ಲ. ಪಕ್ಕದ ಓಣಿಯಲ್ಲಿ ಹಾದು ಅಡುಗೆಮನೆಯ ಕಿಟಕಿಯ ಹತ್ತಿರ ಬಂದಾಗ ಒಳಗಿನಿಂದ ಸದ್ದು ಕೇಳಿತು.

ಛಳ್.

ನಿಂತ. ಮತ್ತೆ ಛಳ್. ಗೋಡೆಗೆ ಎರಚಿದ ನೀರು ಗೋಡೆಗುಂಟ ಇಳಿಯುವ ಸಣ್ಣ ಸದ್ದು. ಆ ಸದ್ದನ್ನು ಅವನು ನಿದ್ದೆಯಲ್ಲೂ ಗುರುತಿಸುತ್ತಿದ್ದ. ನೆತ್ತಿಯವರೆಗೂ ರಕ್ತ ಏರಿತು. ಹಾಗಾದರೆ ಇದು! ತನ್ನ ಬಣ್ಣ ಮತ್ತೆ ಗುಳ್ಳೆ ಏಳಲಿ, ಮಗಳ ಮುಂದೆಯೇ ಮರ್ಯಾದೆ ಹೋಗಲಿ ಎಂದು ಈ ಮನುಷ್ಯ ದಿನಾ ಬಂದು ನೀರು ಹಾಕುತ್ತಿದ್ದಾನೆ. ಕತ್ತು ಹಿಡಿದು ಹೊರದಬ್ಬುತ್ತೇನೆ ಎಂದು ಬಕೆಟ್ ಕೆಳಗಿಟ್ಟ. ಅಷ್ಟರಲ್ಲಿ ಒಳಗಿನ ಮಾತು ಕಿವಿಗೆ ಬಿತ್ತು.

"ಅಕ್ಕ, ಉಪ್ಪು."

"ಎದ್ದು ತಗೋ, ಕಾಲಿಲ್ವಾ?"

"ನಿಂತೇ ಇದೀನಲ್ಲ. ಕೈಯಲ್ಲಿ ಮಗ್ಗಿದೆ."

"ಒಂದು ಕೈಲಿ ಮಗ್ಗು, ಒಂದು ಕೈಲಿ ತುತ್ತು! ಕೂತು ತಿನ್ನೋ. ಅದಕ್ಕೆ ಇನ್ನೆಷ್ಟು ಕುಡಿಸ್ತೀಯ? ಮೊಳಕೆ ಒಡೆಯುತ್ತೆ ನೋಡು ಆ ಗೋಡೆ."

ಛಳ್.

"ಗೋಡೆ ಯಾವತ್ತೋ ಗಟ್ಟಿಯಾಗಿದೆ ಕಣಕ್ಕ."

"ಗೊತ್ತಿದ್ದೂ ಹಾಕ್ತೀಯಲ್ಲ. ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತಂತೆ. ನಿಮ್ಮಿಬ್ಬರ ನಡುವೆ ನೆಲ ಒರೆಸಿ ಒರೆಸಿ ನನ್ನ ಸೊಂಟ ಹೋಯ್ತು."

ಬಾಮೈದ ತಟ್ಟೆಯಲ್ಲಿ ಬೆರಳಾಡಿಸುವ ಸದ್ದು ಕೇಳಿತು. "ಬರೋನಿಗೆ ಏನಾದ್ರೂ ಒಂದು ಕೆಲಸ ಬೇಕಲ್ಲಕ್ಕ. ಗೋಡೆ ಒಣಗಿತು ಅಂದ್ಮೇಲೆ ಯಾವ ಮುಖ ಇಟ್ಕೊಂಡು ಈ ಮನೆಗೆ ಬರ್ಲಿ?"

"ನಿನ್ನ ಭಾವ ಬಚ್ಚಲು ಒಡೆದಿದಾರೆ."

"ನೋಡ್ದೆ." ಅವನು ನಕ್ಕ. "ಆ ಪೈಪಿನ ಮೇಲೆ ಗಾರೆ ಹಾಕಿದೋನು ನಾನು. ಸೋರೋದುಂಟಾ? ನನ್ನ ಕೇಳಿದ್ರೆ ಹೇಳ್ತಿದ್ದೆ."

"ಕೇಳೋಕೆ ಬಾಯಿ ಬೇಕಲ್ಲ."

"ಇಬ್ರಿಗೂ ಇಲ್ಲ ಬಿಡು."

"ಮಗಳು ಬರೋ ಹೊತ್ತಾಯ್ತು ಕಣೋ. ಅವಳಿಗೆ ಕೋಣೆ ಬೇಡ್ವಾ?"

"ಬೇಕು. ನಾಳೆಯಿಂದ ನೀರು ಹಾಕಲ್ಲ. ಬರೋದೂ ಇಲ್ಲ."

"ನಿನ್ನೆನೂ ಹಂಗೇ ಅಂದೆ. ಇನ್ನೊಂಚೂರು ಹಾಕಿಸ್ಕೋ, ತಟ್ಟೆ ಇಲ್ಲಿ ಕೊಡು."

ಕಿಟಕಿಯ ಸಂದಿಯಲ್ಲಿ ಪೇಂಟರಿಗೆ ಬಾಮೈದನ ಅರ್ಧ ಬೆನ್ನು ಕಾಣುತ್ತಿತ್ತು. ಬಾಗಿಲ ಪಕ್ಕದ ಗೋಡೆಗೆ ನೀರೆರಚಲು ನಿಂತರೆ ಅಡುಗೆಮನೆಯಲ್ಲಿರುವವಳ ಜೊತೆ ಮಾತಾಡಬಹುದು. ಬೇರೆ ಯಾವ ಗೋಡೆಯ ಬಳಿ ನಿಂತರೂ ಆಗುವುದಿಲ್ಲ. ಅದು ಅವನಿಗೆ ಈಗ ಗೊತ್ತಾಯಿತು. ಬಾಮೈದನ ಅಂಗಿ ಭುಜದ ಹತ್ತಿರ ಜೋಲುತ್ತಿತ್ತು. ಸೈಕಲ್ಲಿನಲ್ಲಿ ಹಿಂದೆ ಕೂತರೆ ಚಕ್ರ ಒತ್ತಿಹೋಗುವಷ್ಟು ಭಾರವಿದ್ದ ಆಳು ಅವನು. ತನ್ನ ಹೆಂಡತಿ ತೀರಿಕೊಂಡ ಮೇಲೆ ಬಾಮೈದ ಮಧ್ಯಾಹ್ನದ ಊಟವನ್ನೇ ಬಿಟ್ಟಿದ್ದಾನೆ ಎಂದು ಅವನಕ್ಕ ಯಾವಾಗಲೋ ಹೇಳಿದ್ದಳು. ಆಗ ಇವನು ಪೇಪರ್ ಓದುತ್ತಿದ್ದ.

ಬಕೆಟ್ ಎತ್ತಿಕೊಂಡು ಸದ್ದಾಗದ ಹಾಗೆ ಓಣಿಯಿಂದ ಹಿಂದಕ್ಕೆ ನಡೆದ. ಬೀದಿ ಕೊನೆಯ ಚಹಾದಂಗಡಿಯಲ್ಲಿ ಕೂತ. ಕುಡಿದ ಚಹಾ ಹಸಿವನ್ನು ಹೆಚ್ಚು ಮಾಡಿತು. ಅಂಗಡಿಯವನು, "ಏನ್ ಮೇಸ್ತ್ರಿ, ಇವತ್ತು ಇಲ್ಲೇ ಒಣಗ್ತಾ ಕೂತಿದೀರಿ," ಎಂದ. ಪೇಂಟರ್ ಇನ್ನೊಂದು ಲೋಟ ಹೇಳಿದ.

ಸಂಜೆ ಮನೆಗೆ ಬಂದು ಎಂದಿನಂತೆ ಗೋಡೆ ಕುಟ್ಟಿದ. ಡಬ್. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಇನ್ನೂ ಹಸಿ ಇದೆ," ಎಂದ.

"ಹೂಂ."

"ಆ ಬಚ್ಚಲ ಗೋಡೆ ಹಾಗೇ ಬಾಯಿ ತೆರ್ಕೊಂಡಿದೆ. ಹಾಗೆ ಬಿಟ್ರೆ ಆಗಲ್ಲ. ನಾನು ಬಳಿಯೋನು, ನನಗೆ ಮೆತ್ತೋಕೆ ಬರಲ್ಲ." ಅವನು ಗೋಡೆಯನ್ನೇ ನೋಡುತ್ತ ಮಾತಾಡುತ್ತಿದ್ದ. "ನಿನ್ನ ತಮ್ಮಂಗೆ ಹೇಳು. ಭಾನುವಾರ ಬರ್ಲಿ."

"ಭಾನುವಾರ ನೀವು ಮನೇಲಿರ್ತೀರ."

"ಇರ್ತೀನಿ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಬಚ್ಚಲ ಗೋಡೆ ಅದು," ಎಂದ ಅವನು. "ಅದಕ್ಕೆ ನೀರು ಜಾಸ್ತಿನೇ ಬೇಕಾಗುತ್ತೆ. ತುಂಬಾ ದಿನ ಹಾಕ್ಬೇಕಾಗುತ್ತೆ. ಈ ಕೋಣೆದು ಸಾಕು ಅನ್ನು, ಇನ್ನು ಆ ಕಡೆಯಿಂದ ಹಾಕ್ಲಿ. ಮಧ್ಯಾಹ್ನ ಬಂದ್ರೆ ಅನುಕೂಲ, ಅಲ್ವಾ?"

ಹೆಂಡತಿ ಅವನ ಮುಖ ನೋಡಿದಳು, ಆಮೇಲೆ ಕಾಲು ನೋಡಿದಳು. ಓಣಿಯ ಕೆಸರು ಇನ್ನೂ ಚಪ್ಪಲಿಗೆ ಅಂಟಿಕೊಂಡಿತ್ತು. "ಮಧ್ಯಾಹ್ನ ಊಟ ಎಲ್ಲಿ ಮಾಡಿದ್ರಿ?" ಎಂದು ಕೇಳಿದಳು.

"ಮಾಡ್ದೆ ಎಲ್ಲೋ."

"ಸುಳ್ಳು." ಹೇಳಿ ತಟ್ಟೆ ಹಾಕಲು ಹೋದಳು.

ಭಾನುವಾರ ಬಾಮೈದ ಬಂದ. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಬಾಂಡ್ಲಿ ಕರಣೆ ಹಿಡಿದು, ನೆಲ ನೋಡಿಕೊಂಡು ನೇರ ಬಚ್ಚಲಿಗೆ ಹೋದ. ಪೇಂಟರ್ ಸಿಮೆಂಟಿನ ಚೀಲ ತಂದು ಬಾಗಿಲಲ್ಲಿಟ್ಟ. ಬಚ್ಚಲು ಇಬ್ಬರು ನಿಲ್ಲುವಷ್ಟೇ ಇತ್ತು. ಹೆಂಡತಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

"ಅಕ್ಕ, ಆ ಬಕೆಟ್ ಸ್ವಲ್ಪ ಸರಿಸೋಕೆ ಭಾವಂಗೆ ಹೇಳು," ಎಂದ ಬಾಮೈದ. ಅವನ ಮೊಣಕೈ ಭಾವನ ಪಕ್ಕೆಗೆ ತಾಗುತ್ತಿತ್ತು.

"ಎಲ್ಲಿಗೆ ಸರಿಸ್ಬೇಕು ಅಂತ ನಿನ್ನ ತಮ್ಮನ್ನ ಕೇಳು."

"ಬಲಗಡೆಗೆ ಅಂತ ಹೇಳಕ್ಕ."

"ಬಲಗಡೆ ನಾನೇ ನಿಂತಿದೀನಿ ಅಂತ ಹೇಳು."

"ನೀವಿಬ್ರೂ ಕಿವುಡರಾ?" ಎಂದಳು ಅವಳು. "ಒಲೆ ಮೇಲೆ ಇಟ್ಟಿದ್ದು ಉಕ್ತಾ ಇದೆ. ಬಲಗಡೆನೋ ಎಡಗಡೆನೋ ನೀವೇ ನೋಡ್ಕೊಳ್ಳಿ." ಹೊರಟೇ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಇಬ್ಬರೂ ಬಕೆಟ್ ನೋಡುತ್ತ ನಿಂತರು. ಬಾಮೈದ ಕರಣೆಯಿಂದ ಬಾಂಡ್ಲಿಯ ಅಂಚು ಕೆರೆದ. ಕೆರೆಯುವುದಕ್ಕೆ ಅಲ್ಲೇನೂ ಇರಲಿಲ್ಲ.

"ಬಿಲ್ಲೆ ಚೆನ್ನಾಗಿ ಒಡೆದಿದೀಯ," ಎಂದ ಕೊನೆಗೆ. "ಒಂದೂ ಉಳಿಸಿಲ್ಲ."

"ಮಾಡೋ ಕೆಲಸ ಸರಿಯಾಗಿ ಮಾಡ್ಬೇಕಲ್ಲ."

ಬಾಮೈದನ ಮೂಗಿನಿಂದ ಸಣ್ಣ ನಗು ಹೊರಬಿತ್ತು. ಭಾವ ಬಕೆಟ್ಟನ್ನು ಎಡಗಡೆಗೆ ಸರಿಸಿದ. ಆ ದಿನ ಅವರ ನಡುವೆ ಅಷ್ಟೇ ಮಾತು. ಊಟಕ್ಕೆ ಮಾತ್ರ ಮೂರು ತಟ್ಟೆ ಬಿದ್ದವು.

ಬಾಗಿಲ ಪಕ್ಕದ ಗೋಡೆ ಆಮೇಲೆ ಬೇಗ ಬೇಗ ತಿಳಿಯಾಯಿತು. ಮಗಳು ಬಂದ ದಿನ ಇನ್ನೂ ಬಣ್ಣ ಆಗಿರಲಿಲ್ಲ. ಪೆಟ್ಟಿಗೆ ಇಳಿಸಿ ಕೋಣೆಯಲ್ಲಿ ಇಣುಕಿ, "ಪಾರಿವಾಳ ಎಲ್ಲಪ್ಪಾ? ಬರೀ ಸಿಮೆಂಟು," ಎಂದಳು. ಬಚ್ಚಲಿಂದ ಮಗ್ಗು ಹಿಡಿದು ಹೊರಬಂದ ಮಾವನನ್ನು ಕಂಡಳು. ಅಮ್ಮನನ್ನು ನೋಡಿದಳು. ಅಮ್ಮ ತುಟಿ ಬಿಗಿಹಿಡಿದು ತಲೆಯಾಡಿಸಿದಳು, ಏನೂ ಕೇಳಬೇಡ ಎನ್ನುವ ಹಾಗೆ. ಮಗಳು ಕೇಳಲಿಲ್ಲ. ಮಾವನ ಒದ್ದೆ ಕೈಯನ್ನೇ ಹಿಡಿದುಕೊಂಡು, "ಮಾವ, ನನ್ನ ಸೈಕಲ್ ಇನ್ನೂ ಇದೆಯಾ ನಿಮ್ಮನೇಲಿ?" ಎಂದಳು.

"ಇದೆ. ಗಾಳಿ ಇಲ್ಲ."

"ಗಾಳಿ ಹೊಡೆದ್ರಾಯ್ತು."

ಒಂದಷ್ಟು ದಿನ ಅವಳು ಹಸಿರು ಗೋಡೆಯ ಕೆಳಗೇ ಮಲಗಿದಳು. ಒಂದು ಬೆಳಿಗ್ಗೆ ಗೆಣ್ಣಿನಿಂದ ಕುಟ್ಟಿದಾಗ ಗೋಡೆ ಟಕ್ ಎಂದಿತು. ಪೇಂಟರ್ ನಂಬದೆ ಎರಡನೆಯ ಸಲ ಕುಟ್ಟಿದ, ಮಗಳನ್ನು ಕರೆದು ಅವಳಿಂದಲೂ ಕುಟ್ಟಿಸಿದ. ಉಪ್ಪುಕಾಗದ ಹಿಡಿದು ಉಜ್ಜಿ, ಪ್ರೈಮರ್ ಹೊಡೆದು, ಅದೂ ಒಣಗುವವರೆಗೆ ಕಾದು, ಆಮೇಲೆ ಹೊಸ ಡಬ್ಬಿಯ ಮುಚ್ಚಳ ತೆಗೆದ. ಬೂದಿಯಲ್ಲಿ ನೀಲಿ ಬೆರೆತ ಬಣ್ಣ, ಬೆಳಕು ಬಿದ್ದ ಕಡೆ ತುಸು ನೇರಳೆ. ಅವನ ಮನೆಯಲ್ಲಿ ಯಾರ ಹೆಸರೂ ಇಲ್ಲದ ಮೊದಲ ಗೋಡೆ ಅದು.

ಕೊನೆಯ ಕೈ ಬಳಿದ ಮಧ್ಯಾಹ್ನ ಅವನು ಕಿಟಕಿಯ ಕೆಳಗೆ ಕೂತು ಬ್ರಷ್ ಒರೆಸುತ್ತಿದ್ದ. ಮಗಳು ನೆಲಕ್ಕೆ ಹಾಸಿದ್ದ ಬಟ್ಟೆ ಮಡಿಚುತ್ತಿದ್ದಳು. ಆಚೆ ಬಚ್ಚಲಲ್ಲಿ ಛಳ್ ಎಂದಿತು, ಮತ್ತೆ ಛಳ್.

"ಮಾವ," ಎಂದು ಮಗಳು ಕೂಗಿದಳು, "ಆ ಗೋಡೆಗೆ ಇನ್ನೆಷ್ಟು ದಿನ ನೀರು? ಸ್ನಾನಕ್ಕೆ ಹೋದ್ರೆ ಗೋಡೆನೇ ಮೊದಲು ಸ್ನಾನ ಮಾಡಿರುತ್ತೆ."

ನೀರಿನ ಸದ್ದು ನಿಂತಿತು.

"ಬಚ್ಚಲ ಗೋಡೆ ಅದು," ಎಂದ ಅಪ್ಪ, ಬ್ರಷ್ಷಿನಿಂದ ಕಣ್ಣೆತ್ತದೆ. "ಬೇಗ ಆಗೋದಲ್ಲ. ಹಾಕ್ಲಿ."

"ನೀನು ಹೇಳ್ತಿದೀಯಾ ಈ ಮಾತು? ನಾಳೆ ಮೇಸ್ತ್ರಿ?"

"ಹೂಂ, ನಾನೇ."

ಮಗಳು ನಗುತ್ತ ಬಟ್ಟೆ ಒಗೆಯಲು ಹಾಕಿ ಬರುತ್ತೇನೆಂದು ಹೋದಳು. ಬಾಮೈದ ಮಗ್ಗು ಹಿಡಿದು ಬಾಗಿಲಲ್ಲಿ ಬಂದು ನಿಂತ. ಒಳಗೆ ಕಾಲಿಡಲಿಲ್ಲ. ಹೊಸ ಬಣ್ಣವನ್ನು ಮೇಲಿನಿಂದ ಕೆಳಕ್ಕೆ, ಮೂಲೆಯಿಂದ ಮೂಲೆಗೆ ನೋಡಿದ, ತನ್ನ ಗಾರೆಯನ್ನು ಬಣ್ಣದ ಕೆಳಗೆ ಹುಡುಕುವವನ ಹಾಗೆ.

"ಚೆನ್ನಾಗಿ ಕೂತಿದೆ ಭಾವ," ಎಂದ.

"ಅಡಿ ಗಟ್ಟಿ ಇದ್ರೆ ಮೇಲಿಂದು ಕೂರುತ್ತೆ."

ಬಾಮೈದ ಮಗ್ಗನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಅದರ ಬಾಯಿಯಿಂದ ಕೊನೆಯ ಹನಿಯೊಂದು ಹೊಸ್ತಿಲ ಮೇಲೆ ಬಿತ್ತು. ಅವನು ಅದನ್ನು ಕಾಲ ಹೆಬ್ಬೆರಳಿನಿಂದ ಒರೆಸಿದ.

"ಭಾವ, ಅವತ್ತು ಆ ಮನೆ ಅಂಗಳದಲ್ಲಿ, ಅಷ್ಟು ಜನರ ಮುಂದೆ ನಾನು ನಿನಗೆ..."

ಪೇಂಟರ್ ಎದ್ದ. ಮೊಣಕಾಲು ಹಿಡಿದುಕೊಂಡಿತ್ತು, ಕಿಟಕಿಯ ಸರಳಿಗೆ ಕೈ ಕೊಟ್ಟು ಎದ್ದ. ಬಾಗಿಲಿಗೆ ಬಂದು, ಬಾಮೈದನ ಕೈಯಿಂದ ಮಗ್ಗು ತೆಗೆದುಕೊಂಡು ಒಳಗೆ ನೋಡಿದ.

"ಖಾಲಿ ಆಗಿದೆ," ಎಂದ.

"ಅದಿರ್ಲಿ ಭಾವ, ನಾನು ಹೇಳ್ತಿರೋದು..."

"ಹೇಳ್ತಿರು," ಎಂದು ಅವನು ಬೇಕರಿಯ ಹಳದಿ ಗೋಡೆಗೆ ಭುಜ ಸವರಿಕೊಂಡು ಅಡುಗೆಮನೆ ದಾಟಿ ಮಗ್ಗು ತುಂಬಿಸಲು ನಲ್ಲಿಯ ಕಡೆ ನಡೆದ. ಹೆಂಡತಿ ಒಲೆಯ ಮುಂದಿನಿಂದ ತಿರುಗಿ ನೋಡಿದಳು. ಬೆನ್ನ ಹಿಂದೆ ಬಾಮೈದ ಇನ್ನೂ ಏನೋ ಹೇಳುತ್ತಲೇ ಇದ್ದ.